ಎರಡು ಅಂಕ

ಮುರೊರಾನಿನ ಉಕ್ಕಿನ ಕಾರ್ಖಾನೆಯ ಹೊಗೆ
ನಮ್ಮ ಶಾಲೆಯ ಕಿಟಕಿಗೆ ಬಂದು ಕೂತು
ಪಾಠ ಕೇಳುತ್ತಿತ್ತು, ನನ್ನಷ್ಟೇ ಗಮನವಿಟ್ಟು.

ಹತನಾಕ ಮೇಷ್ಟ್ರು ಅರ್ಜಿಯನ್ನು ನನ್ನತ್ತ ಸರಿಸಿ
'ಮೆಕ್ಯಾನಿಕಲ್ಲಿಗೆ ಹುಡುಗಿಯರಿಗೆಂದೇ ಹದಿನಾಲ್ಕು ಸೀಟು.
ಒಂದು ಪ್ರಬಂಧ, ಒಂದು ಸಂದರ್ಶನ, ಅಷ್ಟೇ ಚಿಝುರು' ಅಂದರು.
ಆ 'ಅಷ್ಟೇ' ಮುಳ್ಳಾಗಿ ನಾಟಿತು.
ಬೇಡ, ಎಲ್ಲರ ಬಾಗಿಲಲ್ಲೇ ಬರುತ್ತೇನೆ ಅಂದೆ.

ಫೆಬ್ರವರಿ. ಸಪ್ಪೊರೊದಲ್ಲಿ ಮೊಣಕಾಲುದ್ದ ಹಿಮ.
ಪರೀಕ್ಷೆಯ ಕಟ್ಟಡಕ್ಕೆ ಐದು ಮಹಡಿ,
ಹೆಂಗಸರ ಶೌಚಾಲಯ ಮೂರನೆಯದರಲ್ಲಿ ಮಾತ್ರ.
ಬಿಡುವಿನಲ್ಲಿ ಹತ್ತಿದೆ, ಸಾಲಲ್ಲಿ ನಿಂತೆ, ಇಳಿದೆ,
ಉಸಿರು ಕೂರುವ ಮೊದಲೇ ಗಂಟೆ ಹೊಡೆಯಿತು.
ಎರಡು ಅಂಕಕ್ಕೆ ತಪ್ಪಿತು.
ಮೆಟ್ಟಿಲ ಲೆಕ್ಕವನ್ನು ಅಂಕಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ.
ನಾನೂ ಬರೆದಿರಲಿಲ್ಲ, ಈವರೆಗೆ.

ಎರಡನೆಯ ಆಯ್ಕೆ ಫಾರ್ಮಸಿ. ಅಮ್ಮನಿಗೆ ಸಮಾಧಾನ:
'ಬಿಳಿ ಕೋಟು, ಗ್ರೀಸಿನ ಕಲೆಯಿಲ್ಲ.'
ಮಾತ್ರೆ ಎಣಿಸುತ್ತೇನೆ. ಎಣಿಸುವ ಯಂತ್ರ ಕೆಟ್ಟ ದಿನ
ಮೆಕ್ಯಾನಿಕ್ ಬರುವ ಮೊದಲೇ
ಬಿಚ್ಚಿ, ನೋಡಿ, ಮುಚ್ಚಿಟ್ಟಿರುತ್ತೇನೆ.

ಆರು ವರ್ಷಕ್ಕೆ ತಂಗಿಯ ಸರದಿ.
ಕೊತೊಹಾ ಅದೇ ಅರ್ಜಿ ತುಂಬಿದಳು,
ಅನ್ನ ಬಡಿಸಿಕೊಂಡಷ್ಟು ಸಲೀಸಾಗಿ.
ನಾನೇ ರೇಗಿದೆ: 'ಜೀವಮಾನವಿಡೀ ಕೇಳುತ್ತಾರೆ,
ಯಾವ ಬಾಗಿಲಿಂದ ಬಂದೆ ಅಂತ.'
'ನಿನ್ನನ್ನು ಯಾರು ಕೇಳುತ್ತಾರಕ್ಕಾ,
ಯಾವ ಬಾಗಿಲಿಂದ ಹೋದೆ ಅಂತ?'

ಅಜ್ಜಿ ದಿನವೂ ಮೊದಲ ಹಿಡಿ ಅನ್ನ ತೆಗೆದು
ಪೂರ್ವಿಕರ ಪೀಠದ ಮುಂದಿಡುತ್ತಿದ್ದಳು, ಹಬೆಯಾಡುವಾಗಲೇ.
ಅದೂ ಮೀಸಲೇ.
ಮೀಸಲು ಅಂದರೆ ಎಂಜಲಲ್ಲ ಎಂದು
ಹದಿನೆಂಟರಲ್ಲಿ ನನಗೇಕೆ ಹೊಳೆಯಲಿಲ್ಲ?
ಹೊಳೆದಿದ್ದರೂ ಒಪ್ಪುತ್ತಿದ್ದೆನೋ, ಗೊತ್ತಿಲ್ಲ.

ಈಗ ಭಾನುವಾರ ಫೋನು. ತೊಂಬತ್ತರಲ್ಲಿ ಹದಿನೇಳು ಮಂದಿಯಂತೆ.
ಲೇತಿನ ಪಕ್ಕ ಯಾರೋ ಕೇಳಿದನಂತೆ: 'ಹುಡುಗಿಯರ ಕೋಟಾನಾ?'
'ಹೂಂ, ಆ ಸ್ಪ್ಯಾನರ್ ಕೊಡು' ಅಂದಳಂತೆ.
ಆಮೇಲೆ ರೂಮಿಗೆ ಬಂದು ಅತ್ತಳಂತೆ,
ಅದನ್ನು ಅಮ್ಮನಿಗೆ ಹೇಳಬಾರದಂತೆ.

ಇಡುವ ಮುನ್ನ ಕೇಳಿದೆ, ಇಷ್ಟು ವರ್ಷ ಕೇಳದ್ದನ್ನು:
ಕೆಳಗಿನ ಮಹಡಿಯಲ್ಲಿ ನಮಗೆ ಶೌಚಾಲಯ ಆಯಿತಾ?
'ಕಟ್ತಿದ್ದಾರೆ. ಅಲ್ಲಿವರೆಗೆ ಗಂಡಸರದ್ದೊಂದಕ್ಕೆ
ಕಾಗದ ಅಂಟಿಸಿ ನಮ್ಮದು ಅಂದಿದ್ದಾರೆ.
ಟೇಪು ಸರಿಯಿಲ್ಲ ಅಕ್ಕಾ, ದಿನಾ ಬೀಳುತ್ತೆ.
ದಿನಾ ಅಂಟಿಸ್ತೀವಿ.'