ಸರತಿಯಲ್ಲಿ ಆನೆಗಳು

ಸಿದ್ದಾಪುರದ ಬೆಳೆಗಾರರ ಸಂಘದ ಕಚೇರಿಯಲ್ಲಿ
ಗೊಬ್ಬರದ ರಸೀದಿ ಪುಸ್ತಕಗಳ ಕಪಾಟಿನೊಳಗೆ
ನಮ್ಮ ಸರ್ವರ್ ಇದೆ.
ಬ್ಯಾಂಕಿನವರು ಹಳತಾಯಿತೆಂದು ಕೊಟ್ಟ ಡಬ್ಬ,
ಎಲ್ಲಿಯವರೋ ಬರೆದು, ಯಾರು ಬೇಕಾದರೂ ಬಳಸಿ ಎಂದು
ಬಿಟ್ಟುಕೊಟ್ಟ ಲಿನಕ್ಸು.
ಅದರ ಕೆಲಸ ಒಂದೇ.
ಕಾಡಂಚಿನಿಂದ ಚಾತ ಎಸ್ಸೆಮ್ಮೆಸ್ಸಿನಲ್ಲಿ ಒತ್ತಿದ ಒಂದು ಸಾಲನ್ನು
ಇನ್ನೂರ ಹದಿನೇಳು ಜನರಿಗೆ ಮೇಲ್ ಮಾಡುವುದು:
"ಗುಹ್ಯ ರಸ್ತೆ. ಹೆಣ್ಣಾನೆ ಎರಡು, ಮರಿ ಒಂದು."

ಹಲಸು ಹಣ್ಣಾಗುವ ತಿಂಗಳು.
ಶುಕ್ರವಾರ ಸಂಜೆ ಸಿಡಿಲಿಗೆ ಕರೆಂಟು ಹೋಗಿ ಬಂತು.
ಸೋಮವಾರ ಬೆಳಿಗ್ಗೆ ಸ್ಕೂಲ್ ವ್ಯಾನಿನ ಜೋಸೆಫ್
ಬಾಗಿಲಲ್ಲೇ ನಿಂತ: "ಮೇಡಂ, ತಿರುವಿನಲ್ಲೇ ಆನೆ.
ಮೇಲ್ ಬರಲೇ ಇಲ್ಲ. ರಿವರ್ಸಲ್ಲಿ ಬಂದೆ, ಅರ್ಧ ಮೈಲಿ."
ಮಕ್ಕಳು ಚಪ್ಪಾಳೆ ತಟ್ಟಿದರಂತೆ.

ನಾನು ಲೆಕ್ಕ ಬರೆಯುವವಳು. ಇದನ್ನು ಕಲಿತದ್ದು
ಬೇರೆ ಯಾರೂ ಕಲಿಯಲಿಲ್ಲವೆಂದು.
ಮೊದಲು ವಯರು. ಕಿತ್ತು, ಊದಿ, ಚುಚ್ಚಿದೆ.
ಹಸಿರು ದೀಪ ಮಿಣುಕಿತು, ಏನೂ ಆಗಿಲ್ಲವೆಂಬಂತೆ.
ಪಿಂಗ್ ಎಂದೆ. ದೂರದ ಯಂತ್ರವೊಂದು
ಹೂಂ, ಹೂಂ, ಹೂಂ ಎಂದಿತು, ಕತೆ ಕೇಳುವ ಮಗುವಿನ ಹಾಗೆ.
ದಾರಿ ಇದೆ ಅಂತಾಯಿತು. ಹೊರಡುವವರಿಗೇನಾಗಿದೆ?
ಹೆಸರು ಕೇಳಿದರೆ ವಿಳಾಸ ಹೇಳುತ್ತದೆ.
ಇಪ್ಪತ್ತೈದನೆಯ ಪೋರ್ಟು ಮುಚ್ಚಿದೆ, ಅದು ಯಾವತ್ತೂ ಮುಚ್ಚಿಯೇ ಇತ್ತು;
ಐನೂರ ಎಂಬತ್ತೇಳು ಹಾರುಹೊಡೆದಿದೆ.
ಸರತಿಯಲ್ಲಿ ಮಾತ್ರ ಹತ್ತೊಂಬತ್ತು ಆನೆ ಸುದ್ದಿ,
ರೇಷನ್ ಅಂಗಡಿ ಮುಂದೆ ಸಾಲಾಗಿಟ್ಟ ಚೀಲಗಳಂತೆ
ಕದಲದೆ.

ಲಾಗ್ ಓದಿದೆ. ಯಂತ್ರದ ಗೊಣಗಾಟ ಅದು,
ನಿವೃತ್ತ ಗುಮಾಸ್ತರದ್ದರ ಹಾಗೆ; ಪೂರ್ತಿ ಕೇಳಿಸಿಕೊಂಡರೆ
ನಡುವೆಲ್ಲೋ ಒಂದು ಮಾತು ನಿಜ.
"ಎದುರಿನವರ ಪ್ರಮಾಣಪತ್ರ ಇನ್ನೂ ಹುಟ್ಟಿಲ್ಲ."
ಹುಟ್ಟಿಲ್ಲ?
ಇವತ್ತು ಯಾವ ತಾರೀಕು ಎಂದು ಕೇಳಿದೆ. ತಡವರಿಸದೆ ಹೇಳಿತು:
ಎರಡು ಸಾವಿರದ ಒಂಬತ್ತು, ಜನವರಿ ಮೂರು.

ಹೊಟ್ಟೆಯೊಳಗೆ ನಾಣ್ಯದಗಲದ ಬ್ಯಾಟರಿ ಸತ್ತಿತ್ತು.
ಕರೆಂಟು ಬಂದಾಗ ಯಂತ್ರ
ತಾನು ಕಾರ್ಖಾನೆ ಬಿಟ್ಟ ವರ್ಷದಲ್ಲೇ ಕಣ್ಣು ಬಿಟ್ಟಿತ್ತು.
ಹೊತ್ತು ತಿದ್ದುವುದಕ್ಕೆಂದೇ ಅದರೊಳಗೆ ಒಬ್ಬ ಆಳಿದ್ದಾನೆ.
ಸೆಕೆಂಡುಗಳ ತಪ್ಪನ್ನು ನಯವಾಗಿ ಸರಿಮಾಡುತ್ತಾನೆ;
ಹದಿನಾರು ವರ್ಷದ ತಪ್ಪು ಕಂಡರೆ
ಒಂದು ಸಾಲು ಬರೆದಿಟ್ಟು ಕೆಲಸ ಬಿಡುತ್ತಾನೆ.
ನಾನು ಅವನನ್ನು ಬೈಯಲಿಲ್ಲ.

ವಾಚ್ ರಿಪೇರಿಯ ಉಸ್ಮಾನಿಕ್ಕ ಕಣ್ಣಿನ ಬಿಲ್ಲೆ ತೆಗೆಯದೆಯೇ
ಬ್ಯಾಟರಿ ಕೊಟ್ಟರು. ಮೂವತ್ತು ರೂಪಾಯಿ.
"ಯಾವ ವಾಚಿಗೆ?"
"ಆನೆಗೆ," ಅಂದೆ.
ಚಿಲ್ಲರೆ ಎಣಿಸುತ್ತ, "ಅದಕ್ಕೆ ಟೈಮು ಗೊತ್ತಿಲ್ಲವಾ," ಅಂದರು.

ಗಡಿಯಾರ ತಿದ್ದಿದ್ದೇ ತಡ, ಸರತಿ ಕರಗಿತು.
ಹತ್ತೊಂಬತ್ತೂ ಒಟ್ಟಿಗೆ ಹೊರಟವು, ತಡೆಯಲು ನನ್ನ ಕೈ ಏಳುವ ಮೊದಲೇ.
ನೆಲ್ಲಿಹುದಿಕೇರಿಯಿಂದ ಮಾಲ್ದಾರೆಯವರೆಗೆ ಫೋನುಗಳು ಗುಂಯ್ ಎಂದವು.
ಜನ ತೆರೆದು ನೋಡಿದರು. ಮೇಲೆ ಏನಿಲ್ಲ.
ಹಳೆಯ ತಾರೀಕು ಹೊತ್ತ ಆನೆಗಳು
ಮದುವೆ ಕರೆಯೋಲೆ, ಕರೆಂಟು ಬಿಲ್ಲು, ಮೆಣಸಿನ ಧಾರಣೆ
ಎಲ್ಲ ದಾಟಿ
ಅಡಿಗೆ ಇಳಿದುಹೋಗಿದ್ದವು.

ಮಧ್ಯಾಹ್ನ ಕರಡಿಗೋಡಿನಿಂದ ಬೊಳ್ಳಮ್ಮ ಫೋನು ಮಾಡಿದರು.
"ಎಲ್ಲಕ್ಕಿಂತ ಕೆಳಗೆ ಸಿಕ್ಕಿತು. ಎರಡು ಸಾವಿರದ ಒಂಬತ್ತು, ಜನವರಿ.
ಕೊಂಬು ಮುರಿದ ಸಲಗ, ನಮ್ಮ ಕಣದ ಹತ್ತಿರ ಅಂತಿದೆ."
ತಪ್ಪಾಯಿತು, ಅದು ಯಂತ್ರದ ತಾರೀಕು ಎಂದೆ.
"ಅಲ್ಲ," ಅಂದರು. "ಬಂದಿತ್ತು. ಕಾಫಿ ಹರವಿದ್ದೆವು.
ನಾಯಿ ಬೊಗಳಲಿಲ್ಲ. ಇವರು ಟಾರ್ಚ್ ಹಿಡಿದು ಹೋದರು."
ಅವರ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಮೂರು ಸಲ.
"ಈಗಾದರೂ ಬಂತಲ್ಲ," ಅಂದು ಇಟ್ಟರು.

ಕಪಾಟಿನ ಬಾಗಿಲ ಒಳಮೈಗೆ ಚೀಟಿ ಅಂಟಿಸಿದೆ:
ಬ್ಯಾಟರಿ ಬದಲಿಸಿದ ದಿನ.
ತಾರೀಕು ಬರೆಯುವ ಮುಂಚೆ ಗೋಡೆಯ ಕ್ಯಾಲೆಂಡರ್ ನೋಡಿದೆ.
ಬರೆದಾದ ಮೇಲೆ
ಇನ್ನೊಮ್ಮೆ ನೋಡಿದೆ.