ಮನೆ, ಮರ, ಮನುಷ್ಯ

ಮೊದಲ ದಿನ ನಾನು ಬಾಯಿ ತೆರೆಯುವ ಮುಂಚೆಯೇ
ಯಶಿಕಾ ಹಾಳೆಯನ್ನು ತನ್ನತ್ತ ಎಳೆದುಕೊಂಡಳು.
‘ಮನೆ ಬರೀಬೇಕು ತಾನೆ? ಆಮೇಲೆ ಮರ. ಆಮೇಲೆ ಮನುಷ್ಯ.’
ಎಂಟು ವರ್ಷ. ನಾನು ಅವಳಿಗೆ ನಾಲ್ಕನೇ ಅಕ್ಕ.
ಮೊದಲನೆಯವಳಿಗೆ ಉದ್ದ ಜಡೆ ಇತ್ತಂತೆ,
ಎರಡನೆಯವಳು ಮಾತಾಡಿದರೆ ಪೆಪ್ಪರಮಿಂಟಿನ ವಾಸನೆ,
ಮೂರನೆಯವಳು ಹೋಗುವ ದಿನ ಅತ್ತೇಬಿಟ್ಟಳಂತೆ.
‘ನಾನೇ ಸಮಾಧಾನ ಮಾಡ್ದೆ.’

ನನ್ನ ಬಳಿ ಇದ್ದದ್ದು ಹೊಸ ಐಡಿ ಕಾರ್ಡು,
ಅಂಟಿನ ವಾಸನೆ ಆರದ ಲಾಗ್‌ಬುಕ್ಕು,
ತುಂಬಿಸಬೇಕಾದ ಮುನ್ನೂರು ಗಂಟೆ.
ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಭಯಕ್ಕೆ
ಆ ದಪ್ಪ ಪುಸ್ತಕದಲ್ಲಿ ಹದಿನಾಲ್ಕು ಹೆಸರು.
ಅವಳಜ್ಜಿ ಮುನಿಯಮ್ಮ, ನಸುಕಿಗೇ ರಸ್ತೆ ಗುಡಿಸಿ
ಹಸಿರು ಕೋಟು ಕಳಚದೆ ಸಿದ್ದಾಪುರದಿಂದ ಬಂದವಳು,
ಬೆಂಚಿನ ತುದಿಯಲ್ಲಿ ಕೂತು ಹೇಳಿದ್ದು ಇಷ್ಟೇ:
‘ಕುಕ್ಕರ್ ಕೂಗಿದ್ರೆ ಬೆಚ್ಚಿ ಬೀಳ್ತದೆ ಕಣವ್ವ ಮಗ.
ಅದ್ಕೇ ತಪ್ಪಲೇಲಿ ಅನ್ನ ಮಾಡ್ತೀನಿ.’

ಮನೆಗೆ ಬಾಗಿಲು ಬರೆದಳು.
‘ಬಾಗಿಲೆಲ್ಲಿ ಅಂತ ಜಡೆ ಅಕ್ಕ ಕೇಳಿದ್ರು,
ಅದಕ್ಕೇ ಈಗ ಮೊದಲೇ ಬರೀತೀನಿ.’
ಬಾಗಿಲಿಗೆ ಒಳಗೊಂದು ಚಿಲಕ, ಹೊರಗೊಂದು.
ಮರಕ್ಕೆ ಪೊಟರೆ ಇಲ್ಲ.
‘ಪೊಟರೆ ಬರೆದ್ರೆ ನೀವು ಏನೋ ಬರ್ಕೋತೀರ.’
ಮನುಷ್ಯನ ಎರಡೂ ಕೈ ಜೇಬಿನೊಳಗೆ.
‘ಅಲ್ಲೇ ಇರಲಿ.’

ಫಿಲೋಮಿನಾ ಮೇಡಂ ನನ್ನ ವರದಿ ಓದಿ
ಕನ್ನಡಕ ತೆಗೆದಿಟ್ಟರು. ಕೇಳಬೇಡ, ಎಂದರು.
ಸುಮ್ಮನೆ ಕೂತಿರು. ಕೂತಿರೋದೂ ಕೆಲಸ.
ಕೂತಿದ್ದಕ್ಕೆ ಲಾಗ್‌ಬುಕ್ಕಿನಲ್ಲಿ ಕಾಲಂ ಇರಲಿಲ್ಲ.
‘ಇತರೆ’ ಎಂಬಲ್ಲಿ ಬರೆದೆ: ನಲವತ್ತು ನಿಮಿಷ.

ಕೂತಿದ್ದೆ. ಜುಲೈ ಹೋಯಿತು. ಅವಳು ಬಸ್ಸಿನ ಸೊನ್ನೆ ಟಿಕೇಟುಗಳನ್ನು
ಮೇಜಿನ ಮೇಲೆ ಒಂದಕ್ಕೊಂದು ತಾಗದಂತೆ ಜೋಡಿಸುತ್ತಿದ್ದಳು.
ಮೂವತ್ತೊಂದಾದವು.
ಒಂದು ಮಂಗಳವಾರ, ಅಡುಗೆ ಆಟದ ಡಬ್ಬಿಯಿಂದ
ಹೆಬ್ಬೆರಳುದ್ದದ ಕುಕ್ಕರು ತೆಗೆದಳು.
ಮರಳಿನ ತಟ್ಟೆಯಲ್ಲಿ ಹೂತಳು, ತೆಗೆದಳು, ಮತ್ತೆ ಹೂತಳು.
ನನ್ನ ಕಡೆ ನೋಡದೆ ಹೇಳಿದಳು:
‘ಮೂರು ಕೂಗಿಗೆ ಅಪ್ಪ ಬರೋದು.
ಅವತ್ತು ನಾಲ್ಕು ಕೂಗಿತು.
ನಾಲ್ಕನೇದು ಕುಕ್ಕರಲ್ಲ.’

ಲಕ್ಕಸಂದ್ರದ ನನ್ನ ಪಿಜಿಗೆ ಒಂದೇ ಕಿಟಕಿ,
ಕಿಟಕಿಗೆ ಏಳು ಅಡುಗೆಮನೆ.
ರಾತ್ರಿ ಎಂಟಕ್ಕೆ ಒಂದಾದ ಮೇಲೊಂದು ಶುರು.
ಎಣಿಸುತ್ತೇನೆ. ಮೂರಾದ ಮೇಲೆ
ತುತ್ತು ಕೈಯಲ್ಲೇ ನಿಲ್ಲುತ್ತದೆ.
ಮೇಲಿನ ಮನೆಯಲ್ಲಿ ಯಾರೋ ನಗುತ್ತಾರೆ, ಆಗ ಉಣ್ಣುತ್ತೇನೆ.
ಮೇಡಂಗೆ ಹೇಳಿದೆ. ಎಣಿಸಬೇಡ ಎನ್ನಲಿಲ್ಲ.
‘ಎಣಿಸ್ತಿದೀನಿ ಅಂತ ಗೊತ್ತಾಯ್ತಲ್ಲ’ ಎಂದು
ತಮ್ಮ ಡಬ್ಬಿಯ ಚಪಾತಿಯಲ್ಲಿ ಅರ್ಧ ಮುರಿದು ಕೊಟ್ಟರು.

ಕಡೆಯ ದಿನ. ಹೇಳಬೇಕಾದ್ದನ್ನು
ನಾಲ್ಕು ವಾರದ ಮುಂಚೆಯೇ ಹೇಳಿದ್ದೆ, ನಿಯಮದಂತೆ.
ಅವಳು ಹಾಳೆಯನ್ನು ನನ್ನ ಕಡೆ ತಳ್ಳಿದಳು.
‘ಈಗ ನೀವು.’
ಮನೆ ಬರೆದೆ. ಬಾಗಿಲು, ಹೆಂಚು, ಹೊರಗೊಂದು ಸೈಕಲ್ಲು.
ತಲೆ ಒಂದು ಕಡೆಗೆ ವಾಲಿಸಿ, ನನ್ನದೇ ದನಿಯಲ್ಲಿ:
‘ಈ ಮನೇಲಿ ಯಾರ್ಯಾರಿದಾರೆ? ರಾತ್ರಿ ಹೊತ್ತು ಹೇಗಿರತ್ತೆ?’
ನನ್ನ ಪೆನ್ಸಿಲು ಸೈಕಲ್ಲಿನ ಚಕ್ರದ ಮೇಲೇ
ಸುತ್ತುತ್ತಿತ್ತು, ಕಪ್ಪಾಗುವವರೆಗೆ.
ಅವಳು ಇನ್ನೊಮ್ಮೆ ಕೇಳಲಿಲ್ಲ.
ಕೂತಿದ್ದಳು.

ಮುನ್ನೂರು ಗಂಟೆಗೆ ಸಹಿ ಬಿತ್ತು, ಸೀಲು ಬಿತ್ತು.
ಫೈಲಿನ ಒಳಗೆ ಪಿನ್ನು ಮಾಡಿದ್ದು ಈ ಚೀಟಿ:

ಐದನೆಯವರಿಗೆ.
ಮನೆ, ಮರ, ಮನುಷ್ಯ ಬೇಡ, ಅವಳಿಗೆ ಬಾಯಿಪಾಠ.
ಕುಕ್ಕರು ಎರಡನೇ ಖಾನೆಯಲ್ಲಿದೆ, ಎತ್ತಿಡಬೇಡಿ.
ಅದರ ವಿಷಲ್ಲು ಕಾಣುತ್ತಿಲ್ಲ.
ಯಾರ ಜೇಬಿನಲ್ಲಿದೆ ಎಂದು ಗೊತ್ತು. ಕೇಳಬೇಡಿ.
ಅಜ್ಜಿಗೆ ಹನ್ನೊಂದರ ಮೇಲೆ ಸಮಯ ಕೊಡಿ,
ಗುಡಿಸಿ ಬರಬೇಕು.