ಎರಡನೇದು ಒದ್ದಿ ಇರತದ

ಶನಿವಾರದ ಡ್ಯೂಟಿ ಮಾರಿಸೆಲ್‌ಗೆ ಕೊಟ್ಟೆ,
ಅವಳ ಕ್ರಿಸ್‌ಮಸ್ ರಾತ್ರಿ ನಾನು ಹೊತ್ತುಕೊಂಡೆ.
ಹೀಗೆ ಕೊಂಡ ದಿನ ಇದು. ಆರಕ್ಕೆ ಹೊರಟು
ರಾತ್ರಿ ಹತ್ತರೊಳಗೆ ವುಲ್ವರ್‌ಹ್ಯಾಂಪ್ಟನ್ ಮುಟ್ಟಬೇಕು.

ಇವರು ವಾರವಿಡೀ ಸಿಟಿ ಬಸ್ಸು ಓಡಿಸುವವರು,
ರಜೆಯಲ್ಲೂ ಸ್ಟೀರಿಂಗೇ ಏನೇ ಎಂದು ಗೊಣಗಿದರು.
ಆಮೇಲೆ ತಾವೇ ಕನ್ನಡಕ ಏರಿಸಿ
ವೆಲ್ಷ್‌ಪೂಲ್ ದಾಟಿದ ಮೇಲಿನ ತಿರುವುಗಳನ್ನು
ಬೆರಳಿಟ್ಟು ಎಣಿಸಿದರು.
ಅತ್ತೆಗೆ ತಿರುವು ಆಗಿಬರದು.
ಮುಂದಿನ ಸೀಟು ಅವರಿಗೆ, ಕೈಯಲ್ಲೊಂದು ನಿಂಬೆಹಣ್ಣು.

ಕಟಕ ರೊಟ್ಟಿ ಇಪ್ಪತ್ತು. ಶೇಂಗಾ ಹಿಂಡಿ ಒಂದು ಡಬ್ಬಿ.
ಅಗಸಿ ಹಿಂಡಿ ಬೇಡ ಅಂದಿದ್ದಾಳೆ, ಅದೂ ಒಂದು ಡಬ್ಬಿ.
ಅತ್ತೆ ಎರಡು ವರ್ಷ ಹೊಲಿದ ಕೌದಿ,
ಅದರ ಮೂಲೆಯಲ್ಲಿ ನನ್ನ ಹಳೆಯ ಯೂನಿಫಾರ್ಮಿನ ನೀಲಿ.
ಒಲೆ ಹಚ್ಚುವಂಥದ್ದು ಏನೂ ಬೇಡವಂತೆ.
ಯಾಕೆ ಅಂದರೆ, ಸುಮ್ನ ಬ್ಯಾಡವ್ವ.

ಹೆಸರು ಸುವಾರ್ತಾ.
ಎಂಟು ವಾರದಿಂದ ವಾರ್ತೆ ಅಂದರೆ ಇಷ್ಟೇ:
ಹ್ಞೂಂ. ಆರಾಮ. ಒಂದು ಹಳದಿ ಹೆಬ್ಬೆರಳು.
ನಾನೂ ಕೆದಕಲಿಲ್ಲ. ಗಾಯ ಒಣಗುವಾಗ
ಪಟ್ಟಿ ಬಿಚ್ಚಿ ಬಿಚ್ಚಿ ನೋಡಬಾರದೆಂದು
ದಿನಾ ಇನ್ನೊಬ್ಬರಿಗೆ ಹೇಳುವವಳು ನಾನು.

ಅಬೆರಿಸ್ಟ್ವಿತ್‌ನಲ್ಲಿ ಕಾಲೇಜು ಗುಡ್ಡದ ಮೇಲೆ.
ಹಾಗಾಗಿ ಕೇಳಿದ್ದು ಒಂದೇ ಪ್ರಶ್ನೆ:
ಆಯಿ ಏರಬಹುದೇನು?

ಗುರುವಾರ ನಸುಕಿನ ಮೂರಕ್ಕೆ, ಚಹಾದ ಬಿಡುವಿನಲ್ಲಿ,
ಫೋನು ತೆರೆದರೆ ಪರದೆ ತುಂಬ ಅಕ್ಷರ.

'ಕಾರಿನಿಂದ ಲಿಫ್ಟಿಗೆ ಇನ್ನೂರಾ ಹನ್ನೆರಡು ಹೆಜ್ಜಿ.
ಆಯೀ ಹೆಜ್ಜಿ, ನನ್ನವಲ್ಲ.
ಮೊಣಕಾಲು ಮಡಚಲಾರದಂಗ ನಡದು ನೋಡೀನಿ.
ಮೂರು ಬೆಂಚು ಅದಾವ. ಎರಡನೇದು ಒದ್ದಿ ಇರತದ,
ಮ್ಯಾಲಿನ ಗಿಡದಿಂದ ಹನಿ ಬೀಳತಾವ, ಅಲ್ಲಿ ಕೂಡೂದು ಬ್ಯಾಡ.
ಲೈಬ್ರರಿ ಬಾಗಲಾ ಭಾಳ ಬಿರುಸು, ನಾ ಹಿಡಕೊಂಡು ನಿಂದರತೀನಿ.
ಮೂರನೇ ಬೆಂಚಿನಿಂದ ಸಮುದ್ರ ಕಾಣತದ.
ಮಂಜು ಕವಿದಿದ್ರ, ಅಕಾ ಅಲ್ಲೇ ಅದ ಅಂತೀನಿ,
ಆಯಿ ನಂಬತಾಳ.
ನಾಕಕ್ಕೇ ಕತ್ತಲ ಆಗತದ, ಲಗೂನ ಬರ್ರಿ.
ಸೈರನ್ ಹೊಡದ ರಾತ್ರಿ ನಾವೆಲ್ಲಾ
ಚಳಿಯೊಳಗ ನಿಂತಿದ್ದ ಜಾಗಾನೂ ತೋರಸ್ತೀನಿ.'

ಯಾವ ಸೈರನ್ನು?
ನಾಲ್ಕನೇ ಬೆಡ್ಡಿನವರು ಗಂಟೆ ಒತ್ತಿದರು. ಓಡಿದೆ.
ಆಪರೇಷನ್ ಆದ ಮುದುಕ, ಹಾಸಿಗೆಯಿಂದ ಬಚ್ಚಲಿಗೆ
ಹನ್ನೊಂದು ಹೆಜ್ಜೆ; ಅವರ ಮೊಣಕೈ ಹಿಡಿದು
ನಾನೂ ಎಣಿಸಿದೆ, ಗಟ್ಟಿಯಾಗಿಯೇ.
ಆದರೆ ಕಣ್ಣೊಳಗೆ ಬೇರೆಯೇ ನಡಿಗೆ:
ಹದಿನೆಂಟರ ಹುಡುಗಿ ಸಂಜೆ ಹೊತ್ತು, ಒಬ್ಬಳೇ,
ಇಳಿಜಾರಿನಲ್ಲಿ ಎಪ್ಪತ್ತಾರರ ಕಾಲು ಎಳೆಯುತ್ತ.

ಮರಳಿ ಬಂದಾಗ ಚಹಾ ಆರಿತ್ತು. ಕೆಳಗೆ ಇನ್ನೆರಡು ಸಾಲು.

'ಸೈರನ್ ಅಂದ್ರ, ನಾ ಸಾಸಿವಿ ಸಿಡಿಸಿದ್ದೆ. ಬೈಬ್ಯಾಡ.
ಹೆಜ್ಜಿ ಎಣಸೂ ಮುಂದ ನೆರಿಸ್ ಅಂಬಾಕಿ, ಕಾಲಿಗೆ ಏನಾತು ಅಂದ್ಲು.
ಹೇಳಿದೆ. ಆಕೀನೂ ಕುಂಟಕೋತ ಬಂದ್ಲು. ಊಟಕ್ಕ ಕರೀಲೇನು?'

ರೊಟ್ಟಿ ಮೂವತ್ತು ಎಂದು ತಿದ್ದಿದೆ.
ಎಂಟು ವಾರ ಎಲ್ಲಿ ಕೂತು ಉಂಡಳೋ,
ಆ ಪ್ರಶ್ನೆಯನ್ನು ಡಬ್ಬಿಯ ಅಡಿಗೆ ಮಡಚಿಟ್ಟೆ.

ಬೆಳಿಗ್ಗೆ ಮನೆಗೆ ಬಂದು ಅತ್ತೆಗೆ ಓದಿ ಹೇಳಿದೆ.
ಅವರು ಏನೂ ಅನ್ನಲಿಲ್ಲ. ಸೆರಗು ಸಿಕ್ಕಿಸಿದರು.
ಅಡಿಗೆಮನೆಯಿಂದ ಮುಂಬಾಗಿಲಿಗೆ ಒಂಬತ್ತು ಹೆಜ್ಜೆ,
ಹೋದರು, ಬಂದರು, ಹೋದರು,
ಗೋಡೆಗೆ ಕೈ ತಾಗಿಸದೆ.
ಇವರು ಬಸ್ಸಿನ ಕೀಲಿ ಹುಡುಕುತ್ತ ದಾರಿಗೆ ಅಡ್ಡ ಬಂದು
ಸಾಕವ್ವ, ಕೂಡು ಎಂದು ಸೋಫಾ ತೋರಿಸಿದರೆ,

ಅತ್ತೆ ಅದನ್ನೊಮ್ಮೆ ನೋಡಿ, ದಾಟಿ ನಡೆದರು:
'ಎರಡನೇದು ಇದು. ಒದ್ದಿ ಇರತದ.'